ಹೂಂಗುಟ್ಟಿದ್ದಕ್ಕೆ ಕಳೆದ ಎರಡು ಅಂಕಗಳು

ಕೊಲ್ಹಾಪುರದ ಒಂದು ಕೆಫೆಯ ಮೇಲಂತಸ್ತಿನಲ್ಲಿ ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಕಾವ್ಯದ ಸ್ಲ್ಯಾಮ್, ಅಂದರೆ ಸಭೆಯೇ ಅಂಕ ಕೊಡುವ ಕವಿತಾ ಸ್ಪರ್ಧೆ, ನಡೆಸುವ ಸಂಘಟಕರು ನನ್ನ ಸೋದರತ್ತೆಯ ಬಾಯಿ ಮುಚ್ಚಿಸಿದ್ದಾರೆ. ಇದು ಅಲಂಕಾರದ ಮಾತಲ್ಲ. ಮೂವತ್ತು ವರ್ಷ ಮಗ್ಗಗಳ ಸದ್ದನ್ನು ಮೀರಿ ಮಾತಾಡಿದ ಹೆಂಗಸು, ಅವರ ಒಂದು ನಿಯಮ ಮತ್ತು ಒಂದು ನಗೆಚಾಟಿಕೆಯ ನಂತರ, ನನ್ನ ಕವಿತೆಗಳ ಮುಂದೆ ತುಟಿ ಬಿಚ್ಚುತ್ತಿಲ್ಲ. ನನ್ನಿಂದ ಎರಡು ಅಂಕ ಕಳೆದದ್ದನ್ನು ನಾನು ಕ್ಷಮಿಸಬಲ್ಲೆ, ಅಂಕಗಳು ನನ್ನವು. ಅತ್ತೆಯ ಮೌನವನ್ನು ಕ್ಷಮಿಸುವ ಅಧಿಕಾರ ನನಗಿಲ್ಲ.

ಆರೋಪ ಹೊರಿಸುವುದು ನನಗೆ ಹೊಸತಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ ಎರಡು ವರ್ಷಗಳಲ್ಲಿ ನಾನು ಕಲಿತ ವಿದ್ಯೆಗಳಲ್ಲಿ ಬಹುಪಾಲು ಮರೆತುಹೋಗಿವೆ, ಅರ್ಜಿ ಬರೆಯುವ ವಿದ್ಯೆ ಮಾತ್ರ ಕೈಯಲ್ಲಿ ನಿಂತಿದೆ. ಹಾಸ್ಟೆಲಿನ ನೀರಿನ ಟಾಕಿಯ ಮುಚ್ಚಳದ ಬಗ್ಗೆ, ವಾಚನಾಲಯದ ತಿರುಗದ ಫ್ಯಾನಿನ ಬಗ್ಗೆ, ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಹಗಲಿಡೀ ಉರಿಯುವ ಬೀದಿದೀಪದ ಬಗ್ಗೆ, ಸಂಬಂಧಪಟ್ಟವರಿಗೆಲ್ಲ ನಾನು ಬರೆದಿದ್ದೇನೆ, ಪ್ರತಿಯೊಂದಕ್ಕೂ ಸ್ವೀಕೃತಿಯ ಸಹಿ ತೆಗೆದುಕೊಂಡಿದ್ದೇನೆ. ಮೆಣಸಿನಕಾಯಿಯ ಅಡತಿ ಅಂಗಡಿ ನಡೆಸುವ ನನ್ನ ಅಪ್ಪ ಇದನ್ನು ಕಾಯಿಲೆಯೆಂದು ತಿಳಿದಿದ್ದಾರೆ. ಅವರ ತಂಗಿ, ಅಂದರೆ ನನ್ನ ಅತ್ತೆ, ಇದನ್ನು ಸ್ವಭಾವವೆಂದು ತಿಳಿದಿದ್ದಾಳೆ.

“ಸಾರಿನೊಳಗ ಉಪ್ಪ ಕಮ್ಮಿ ಬಿದ್ರ ಇಕಿ ಉಪ್ಪ ಕೇಳಂಗಿಲ್ಲ,” ಎಂದು ಅವಳು ಬಂದವರ ಮುಂದೆ ಹೇಳುತ್ತಾಳೆ. “ಅರ್ಜಿ ಬರದು ತಾಟಿನ ಕೆಳಗ ಇಟ್ಟ ಹೋಗ್ತಾಳ.”

ಓದು ಮುಗಿಸಿ ಇಚಲಕರಂಜಿಯ ಒಂದು ಟ್ಯೂಷನ್ ಕ್ಲಾಸಿನಲ್ಲಿ ಕಲಿಸತೊಡಗಿದ ಮೇಲೆ ನಾನು ಅತ್ತೆಯ ಮನೆಯಲ್ಲೇ ಇದ್ದೇನೆ. ಅವಳ ಗಂಡ, ಅಂದರೆ ನನ್ನ ಮಾಮಾನ, ಎಂಟು ವಿದ್ಯುತ್ ಮಗ್ಗಗಳ ಶೆಡ್ಡಿಗೂ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ. ಮಗ್ಗಗಳು ಓಡುತ್ತಿರುವಾಗ ಆ ಮನೆಯಲ್ಲಿ ಪಿಸುಮಾತೆಂಬುದಿಲ್ಲ. ಗುಟ್ಟಿನ ಸಂಗತಿಗಳನ್ನು ಕೂಗಿ ಹೇಳುತ್ತಾರೆ, ಜಗಳವನ್ನು ಕೈಸನ್ನೆಯಲ್ಲಿ ಆಡುತ್ತಾರೆ. ನಾನು ಹೋದ ಮೊದಲ ವಾರ ಅತ್ತೆ ನನ್ನ ಮೇಲೆ ಸಿಟ್ಟಾಗಿದ್ದಾಳೆಂದೇ ಭಾವಿಸಿದ್ದೆ. ಅವಳು ನನಗೆ ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳುತ್ತಿದ್ದಳು.

ಇನ್ನು ಹೂಂಗುಟ್ಟುವ ವಿಷಯ. ನಮ್ಮ ಅಜ್ಜಿ, ಅಂದರೆ ಅತ್ತೆಯ ತಾಯಿ, ಮಹಾಗಾಂವದಲ್ಲಿದ್ದಳು. ಮಧ್ಯಾಹ್ನ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕಥೆ ಹೇಳುತ್ತಿದ್ದಳು, ಮತ್ತು ಅವಳ ಕಥೆಗೆ ಒಂದು ಶರತ್ತಿತ್ತು. ಕೇಳುವವರಲ್ಲಿ ಒಬ್ಬರು ಪ್ರತಿ ಮಾತಿನ ಕೊನೆಗೂ ‘ಹೂಂ’ ಅನ್ನಬೇಕು. ಅಂದರೆ ಕಥೆ ಮುಂದಕ್ಕೆ ಹೋಗುತ್ತಿತ್ತು. ಹೂಂ ನಿಂತಲ್ಲಿ ಅಜ್ಜಿಯೂ ನಿಲ್ಲುತ್ತಿದ್ದಳು. ರಾಜಕುಮಾರ ಬಾವಿಯೊಳಗೆ ಇಳಿದಿರಲಿ, ಹುಲಿಯ ಬಾಯಿಯಲ್ಲಿರಲಿ, ಅವನು ಮರುದಿನದವರೆಗೆ ಅಲ್ಲೇ ಇರಬೇಕಾಗುತ್ತಿತ್ತು. ಆ ಮನೆಯ ಮಕ್ಕಳಲ್ಲಿ ಹೂಂ ಅನ್ನುವ ಹೊಣೆ ಹೊತ್ತವಳು ಅತ್ತೆ. ಮದುವೆಯಾಗಿ ಇಚಲಕರಂಜಿಗೆ ಬಂದಾಗ ಅವಳು ಆ ಹೂಂ ಅನ್ನೂ ಜೊತೆಗೆ ತಂದಳು, ಮಗ್ಗದ ಸದ್ದಿಗೆ ತಕ್ಕಂತೆ ಅದನ್ನು ದೊಡ್ಡದು ಮಾಡಿಕೊಂಡಳು. ಈಗ ಅವಳು ಟಿವಿಯಲ್ಲಿ ಸುದ್ದಿ ಓದುವವಳಿಗೂ ಹೂಂಗುಟ್ಟುತ್ತಾಳೆ. ಗ್ಯಾಸ್ ಬುಕ್ ಮಾಡುವಾಗ ಫೋನಿನಲ್ಲಿ ಮಾತಾಡುವ ಯಂತ್ರದ ಹೆಂಗಸು ‘ಒಂದನ್ನು ಒತ್ತಿರಿ’ ಎಂದರೆ, “ಹ್ಞೂಂ, ಒತ್ತೇನ್ರಿ, ಮುಂದ ಹೇಳ್ರಿ” ಎನ್ನುತ್ತಾಳೆ.

“ಅದು ಮಷೀನ, ಅತ್ತಿ,” ಎಂದು ನಾನೊಮ್ಮೆ ಹೇಳಿದೆ.

“ಇರ್ಲಿ ಬಿಡ. ಹೇಳಾಕತ್ತೈತಲ್ಲ ಪಾಪ, ಒಂದ ಹೂಂ ಅಂದ್ರ ನಮ್ಮ ಗಂಟೇನ ಹೋಗ್ತೈತಿ?”

ಈ ಹಿನ್ನೆಲೆಯಲ್ಲಿ ನಾನು ಸ್ಲ್ಯಾಮಿಗೆ ಹೆಸರು ಕೊಟ್ಟೆ. ಸ್ವಂತ ಕವಿತೆಯನ್ನು ಕಾಗದ ನೋಡದೆ ಮೂರು ನಿಮಿಷದೊಳಗೆ ಹೇಳಬೇಕು. ತೀರ್ಪು ಕೊಡುವವರು ವಿದ್ವಾಂಸರಲ್ಲ, ಆ ದಿನ ಸಭೆಗೆ ಬಂದವರಲ್ಲೇ ಆರಿಸಿದ ಐದು ಜನ, ಹತ್ತಕ್ಕೆ ಇಷ್ಟು ಎಂದು ಬಿಳಿ ಹಲಗೆಯ ಮೇಲೆ ಬರೆದು ಎತ್ತಿ ಹಿಡಿಯುತ್ತಾರೆ. ಯಾವ ಭಾಷೆಯಾದರೂ ಸರಿ. ಇಷ್ಟನ್ನು ನಾನು ನಿಯಮಾವಳಿಯ ಮೊದಲ ಪುಟದಲ್ಲಿ ಓದಿದ್ದೆ. ಎರಡನೆಯ ಪುಟವೊಂದಿತ್ತು. ಊರಿನವರೆಲ್ಲರ ಕಡತಗಳನ್ನು ತೆರೆಸಿ ಓದುವ ನಾನು ಅದನ್ನು ಓದಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ನನ್ನ ಕವಿತೆ ಒಂದು ಶಿಲಾನ್ಯಾಸದ ಕಲ್ಲನ್ನು ಕುರಿತದ್ದು. ಗಡಹಿಂಗ್ಲಜದಿಂದ ಹೊರಡುವ ಒಂದು ದಾರಿಯಲ್ಲಿ, ಊರ ಹೆಸರು ಬೇಡ, ಬಸ್ಸಿಗೆ ಕಾಯುವವರಿಗಾಗಿ ತಂಗುದಾಣ ಕಟ್ಟುತ್ತೇವೆಂದು ಕಲ್ಲು ನೆಟ್ಟರು. ಕಲ್ಲಿನ ಮೇಲೆ ಹನ್ನೊಂದು ಹೆಸರುಗಳಿವೆ. ಕಲ್ಲಿನ ಹಿಂದೆ ಏನೂ ಇಲ್ಲ. ಜನ ಆ ಕಲ್ಲಿನ ನೆರಳಿನಲ್ಲಿ ಚೀಲ ಇಡುತ್ತಾರೆ, ತಾವು ಬಿಸಿಲಿನಲ್ಲಿ ನಿಲ್ಲುತ್ತಾರೆ. ಕವಿತೆಯ ತುಂಬ ನಾನು ಪ್ರಶ್ನೆಗಳನ್ನು ಇಟ್ಟಿದ್ದೆ. ಉತ್ತರ ಬಾರದಿರುವುದೇ ಆ ಪ್ರಶ್ನೆಗಳ ಶಕ್ತಿಯೆಂದು ನನಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು.

ಎರಡು ವಾರ ಪ್ರತಿದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಹೇಳಿ ರೂಢಿ ಮಾಡಿಕೊಂಡೆ. ಅತ್ತೆ ಜೋಳ ಹಸನು ಮಾಡುತ್ತ ಕುಳಿತು ಹೂಂಗುಟ್ಟಿದಳು. ಮೂರನೆಯ ದಿನ ಮೊರ ಕೆಳಗಿಟ್ಟು ಒಂದು ತಕರಾರು ತೆಗೆದಳು.

“ಇದ ಸಾಲ ಭಾಳ ಉದ್ದ ಆತ ನೋಡ. ಹೂಂ ಅನ್ನಾಕ ಜಾಗಾನ ಬಿಟ್ಟಿಲ್ಲ ನೀ.”

“ಅಲ್ಲಿ ಹೂಂ ಬ್ಯಾಡ ಅತ್ತಿ. ಅದು ಒಂದ ಉಸರಿನ ಸಾಲ.”

“ನಿನ್ನ ಉಸರ ಇರ್ಬಹುದು. ಕೇಳಾವ್ರದೂ ಒಂದ ಉಸರ ಇರತೈತೆಲ್ಲೊ?”

ನಾನು ಛಂದಸ್ಸು, ಲಯ, ಓಘ ಎಂದು ಏನೇನೋ ವಿವರಿಸಿದೆ. ಅವಳು ಅದಕ್ಕೂ ಹೂಂ ಅಂದಳು. ಮರುದಿನ ಸಾಲನ್ನು ಅವಳು ಹೇಳಿದಲ್ಲೇ ಮುರಿದೆ. ಆಮೇಲೆ ಇನ್ನೊಂದನ್ನು ಮುರಿದೆ. ಗಡಿಯಾರ ಹಿಡಿದು ನೋಡಿದರೆ, ಅವಳ ಹೂಂಗಳೂ ಸೇರಿ, ಕವಿತೆ ಮೂರು ನಿಮಿಷಕ್ಕೆ ಹತ್ತು ಸೆಕೆಂಡು ಮೊದಲೇ ಮುಗಿಯುತ್ತಿತ್ತು. ಅವಳು ಹೂಂ ಅಂದಲ್ಲಿ ನಾನು ಉಸಿರು ತೆಗೆದುಕೊಳ್ಳುವುದು ಅಭ್ಯಾಸವಾಗಿಹೋಯಿತು. ಅದು ಅಭ್ಯಾಸವಾಗಿದೆ ಎಂಬುದು ಮಾತ್ರ ನನ್ನ ಗಮನಕ್ಕೆ ಬರಲಿಲ್ಲ.

ಆ ಭಾನುವಾರ ಅತ್ತೆಯನ್ನು ಕರೆದುಕೊಂಡು ಹೋದೆ. ಅವಳು ಇಳಕಲ್ ಸೀರೆ ಉಟ್ಟಿದ್ದಳು, ಚೀಲದಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಇತ್ತು, ಇಪ್ಪತ್ತು ಹೋಳಿಗೆ. ಇಷ್ಟೇಕೆ ಎಂದು ಕೇಳಿದ್ದಕ್ಕೆ, “ಕವಿಗೋಳ ಬರ್ತಾರಂತಿ, ಹಸಿದಿರ್ತಾರ” ಎಂದಳು. ಕೆಫೆಯ ಬಾಗಿಲಲ್ಲಿ ಹೊರಗಿನ ತಿನಿಸು ತರುವಂತಿಲ್ಲವೆಂದು ಫಲಕ ಹಾಕಿತ್ತು. ಅವಳಿಗೆ ಅದನ್ನು ಓದಿ ಹೇಳಿದೆ. ಅವಳು ಡಬ್ಬಿಯನ್ನು ಸೆರಗಿನೊಳಗೆ ತೆಗೆದುಕೊಂಡು, ಹೂಂ ಅಂದು, ಮೆಟ್ಟಿಲು ಹತ್ತಿದಳು.

ಮೇಲೆ ಐವತ್ತು ಕುರ್ಚಿ, ಒಂದು ಮೈಕು, ಗೋಡೆಗೆ ಸುತ್ತಿದ ಸಣ್ಣ ಹಳದಿ ದೀಪಗಳು. ನಿರೂಪಕ ನನ್ನ ವಯಸ್ಸಿನವನೇ, ಚುರುಕು ನಾಲಗೆಯವನು, ಒಂದು ವಾಕ್ಯವನ್ನು ಮರಾಠಿಯಲ್ಲಿ ಆರಂಭಿಸಿ ಹಿಂದಿಯಲ್ಲಿ ಮುಗಿಸುವವನು. ಅವನು ಮೊದಲು ಹೇಳಿದ ಮಾತು ಇದು, ನನಗೆ ಅಕ್ಷರಶಃ ನೆನಪಿದೆ: “ಕೊಲ್ಹಾಪುರಕರ, ಗಪ್ಪ ಬಸಾಯಚಂ ನಾಹೀ. ಮನಮೋಕಳಾ ಪ್ರತಿಸಾದ ದ್ಯಾಯಚಾ.” ಸುಮ್ಮನೆ ಕೂರಬೇಡಿ, ಮನಸ್ಸು ಬಿಚ್ಚಿ ಪ್ರತಿಕ್ರಿಯೆ ಕೊಡಿ. ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ. ಅವಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಪ್ರತಿಕ್ರಿಯೆಗೆ ಅಲ್ಲೊಂದು ಮಾನ್ಯವಾದ ರೀತಿಯಿದೆ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು? ಸ್ಲ್ಯಾಮಿನಲ್ಲಿ ಕವಿತೆಯ ನಡುವೆ ಚಪ್ಪಾಳೆ ತಟ್ಟುವುದಿಲ್ಲ. ಸಾಲು ಮೆಚ್ಚಿಗೆಯಾದರೆ ಕೈಯೆತ್ತಿ ಚಿಟಿಕೆ ಹೊಡೆಯುತ್ತಾರೆ. ಮೊದಲ ಕವಿ, ಕಾಲೇಜಿನ ಹುಡುಗಿ, ತನ್ನನ್ನು ಬಿಟ್ಟುಹೋದವನ ಕುರಿತು ಹೇಳತೊಡಗಿದಳು. ಸುತ್ತಲೂ ಚಟಪಟ ಚಿಟಿಕೆಗಳೆದ್ದವು. ನಮ್ಮ ಕಡೆ ಚಿಟಿಕೆ ಹೊಡೆಯುವುದು ಆಕಳಿಸುವಾಗ, ಬಾಯಿಯ ಮುಂದೆ. ಅತ್ತೆ ಆ ಹುಡುಗಿಯನ್ನು ಮರುಕದಿಂದ ನೋಡಿದಳು.

“ಎಲ್ಲಾರಿಗೂ ಒಮ್ಮೆಲೆ ಆಕಳಿಕಿ ಬಂದಾವು,” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಇಚಲಕರಂಜಿಯ ಅಳತೆಯಲ್ಲಿ ಅದು ಪಿಸುಮಾತು, ಸುತ್ತಲಿನವರೆಲ್ಲ ತಿರುಗಿ ನೋಡಿದರು. “ಪಾಪ, ಛಲೋ ಹೇಳಾಕತ್ತಾಳಲ್ಲ. ಊಟ ಮಾಡಿ ಬಂದಾರ ಕಾಣತೈತಿ ಇವ್ರು.”

“ಅದು ಮೆಚ್ಚಿಗಿ, ಅತ್ತಿ. ಹಂಗ ಮಾಡೋದ ಇಲ್ಲೆ.”

“ಬಾಯಿ ಇಲ್ಲೇನ ಮೆಚ್ಚಾಕ?”

ಆಗಲೇ ನಾನು ಅವಳಿಗೆ ಹೇಳಬೇಕಿತ್ತು: ಅತ್ತಿ, ನನ್ನ ಸರದಿ ಬಂದಾಗ ಹೂಂ ಅನ್ನಬೇಡ. ಹೇಳಲಿಲ್ಲ. ನನಗೆ ಹೊಳೆಯಲೇ ಇಲ್ಲ. ಎರಡು ವಾರ ಕೇಳಿ ಕೇಳಿ ಆ ಹೂಂ ನನಗೆ ಮಗ್ಗದ ಸದ್ದಿನಷ್ಟೇ ಸಹಜವಾಗಿತ್ತು.

ನನ್ನನ್ನು ಕರೆದರು. ಕನ್ನಡ ಎಂದೊಡನೆ ನಿರೂಪಕ ಹುಬ್ಬೇರಿಸಿ, ಸಾರಾಂಶವನ್ನು ಒಂದು ಮಾತಿನಲ್ಲಿ ಮರಾಠಿಯಲ್ಲಿ ಹೇಳಿಬಿಡಿ ಎಂದ, ಹೇಳಿದೆ. ಆ ಸಭೆಯ ಕಾಲು ಭಾಗದವರಿಗಾದರೂ ಮನೆಮಾತು ಕನ್ನಡವೇ ಇರಬೇಕು. ಅಡತಿಯಲ್ಲಿ, ಅಡುಗೆಮನೆಯಲ್ಲಿ, ಹೊಲದಲ್ಲಿ ಆಡುತ್ತಾರೆ. ಕೆಫೆಗೆ ಬರುವಾಗ ಅದನ್ನು ಚಪ್ಪಲಿಯ ಜೊತೆ ಕೆಳಗೇ ಬಿಟ್ಟು ಬರುತ್ತಾರೆ. ನಾನು ಕಣ್ಣು ಮುಚ್ಚಿ ಆರಂಭಿಸಿದೆ.

ಕಲ್ಲೇ, ನಿನ್ನ ಎದೆಯ ಮೇಲೆ ಹನ್ನೊಂದು ಹೆಸರು,
ನಿನ್ನ ತಲೆಯ ಮೇಲಿನ ಚಾವಣಿ ಎಲ್ಲಿ?

“ಹ್ಞೂಂ. ಎಲ್ಲೈತಿ, ಹಾಕೇ ಇಲ್ಲಲ್ಲ,” ಎಂದು ಕುರ್ಚಿಗಳ ಎರಡನೆಯ ಸಾಲಿನಿಂದ ಉತ್ತರ ಬಂತು.

ಅಡುಗೆಮನೆಯಲ್ಲಿ ಅವಳು ಬರೀ ಹೂಂ ಅನ್ನುತ್ತಿದ್ದಳು. ಇಲ್ಲಿ ಮನಸ್ಸು ಬಿಚ್ಚಲು ಹೇಳಿದ್ದರಲ್ಲ, ಬಿಚ್ಚಿದಳು. ಯಾರೋ ಕಿಸಕ್ಕನೆ ನಕ್ಕರು. ನಾನು ಮುಂದುವರಿದೆ.

ನೆರಳಿನಲ್ಲಿ ಚೀಲವಿಟ್ಟು
ಬಿಸಿಲಿನಲ್ಲಿ ನಿಂತವರು ಯಾರು?

“ನಾನ ನಿಂತಿದ್ನೆಲ್ಲ, ಮೂರ ತಾಸ. ಇಕಿ ಮಾಮಾನೂ ಇದ್ರು.”

ಈ ಸಲ ನಕ್ಕವರು ಒಬ್ಬಿಬ್ಬರಲ್ಲ. ತೀರ್ಪುಗಾರರಲ್ಲಿ ಒಬ್ಬ, ಕೋಲ್ಡ್ ಕಾಫಿಯ ಆಸೆಗೆ ಬಂದು ಹಲಗೆ ಕೈಗೆ ಸಿಕ್ಕಿಸಿಕೊಂಡವನಂತೆ ಅಲ್ಲಿಯವರೆಗೆ ಬೇಸರದಿಂದ ಕುಳಿತಿದ್ದವನು, ಕೊಳವೆಯನ್ನು ಬಾಯಿಂದ ತೆಗೆದು ಗಟ್ಟಿಯಾಗಿ ನಕ್ಕ. ಅಲ್ಲಿ ಯಾರ ಮನೆಯಲ್ಲಿ ಕನ್ನಡವಿದೆ ಎಂಬುದು ನಗೆಯಿಂದಲೇ ಗೊತ್ತಾಗುತ್ತಿತ್ತು. ಪಕ್ಕದವರ ಅನುವಾದಕ್ಕೆ ಕಾಯದೆ ನಕ್ಕವರು ಸಿಕ್ಕಿಬಿದ್ದರು. ಸಭೆ ನನ್ನ ಕಡೆಗೆ ವಾಲುತ್ತಿತ್ತು, ಸರಿಯಾಗಿ ಹೇಳಬೇಕೆಂದರೆ ಅತ್ತೆಯ ಕಡೆಗೆ. ಆದರೆ ನನಗೆ ಬೇಕಾದದ್ದು ಕಲ್ಲಿನ ಮೌನ, ಕಂಪಿಸುವ ಪ್ರಶ್ನೆ, ಉಸಿರು ಬಿಗಿಹಿಡಿದ ಸಭಾಂಗಣ. ನಾನು ದನಿಯೇರಿಸಿ ಕೊನೆಯ ಭಾಗಕ್ಕೆ ಬಂದೆ.

ಕೇಳುವವರು ಇಲ್ಲವೇ ಇಲ್ಲಿ,
ಒಬ್ಬರಾದರೂ, ಒಬ್ಬರಾದರೂ?

“ಅದೇವಲ್ಲವ್ವಾ,” ಎಂದಳು ಅತ್ತೆ, ಸಮಾಧಾನ ಮಾಡುವ ದನಿಯಲ್ಲಿ. “ಕುಂತೇವಲ್ಲ ಇಷ್ಟ ಮಂದಿ.”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನು ಅವಳನ್ನು ದುರುಗುಟ್ಟಿ ನೋಡಿದೆ. ಒಂದು ನೋಟ ಸಾಕಾಯಿತು. ಅವಳು ಸೆರಗನ್ನು ಬಾಯಿಗೆ ಹಿಡಿದು ಕುಳಿತಳು. ಮುಂದಿನ ಎಂಟು ಸಾಲುಗಳನ್ನು ನಾನು ಹೂಂ ಇಲ್ಲದೆ ಹೇಳಿದೆ, ಮತ್ತು ಅಲ್ಲಿ ಏನಾಯಿತೆಂದರೆ, ಉಸಿರು ತೆಗೆದುಕೊಳ್ಳುವ ಜಾಗಗಳೇ ನನಗೆ ಸಿಗಲಿಲ್ಲ. ಒಂದು ಸಾಲು ಬಿಟ್ಟುಹೋಯಿತು, ಇನ್ನೊಂದನ್ನು ಎರಡು ಸಲ ಹೇಳಿದೆ. ಉತ್ತರ ಕೊಡಿ, ಉತ್ತರ ಕೊಡಿ ಎಂದು ಮೂರು ನಿಮಿಷ ಕೂಗಿದವಳು, ಉತ್ತರ ಕೊಟ್ಟ ಒಬ್ಬಳೇ ಒಬ್ಬಳ ಬಾಯಿಗೆ ಸೆರಗು ಬರುವಂತೆ ಮಾಡಿ ಕೆಳಗಿಳಿದೆ.

ಆದರೂ ಹಲಗೆಗಳು ಮೇಲೆದ್ದಾಗ ಒಳ್ಳೆಯ ಅಂಕಗಳೇ ಇದ್ದವು. ಕೋಲ್ಡ್ ಕಾಫಿಯವನು ಒಂಬತ್ತು ಕೊಟ್ಟಿದ್ದ. ಮುಂದಿನ ಸುತ್ತಿಗೆ ನಾನು ಹೋಗುವುದು ಖಚಿತವಿತ್ತು. ಆಗ ಸಂಘಟಕರ ಮೇಜಿನಿಂದ ಒಂದು ಚೀಟಿ ಬಂತು. ನಿರೂಪಕ ಅದನ್ನು ಓದಿದ: ನಿಯಮಾವಳಿಯ ಎರಡನೆಯ ಪುಟದ ಪ್ರಕಾರ ಕವಿಗೆ ನೆರವಾಗುವ ಎರಡನೆಯ ದನಿ ಇರಕೂಡದು, ಇದ್ದುದರಿಂದ ಎರಡು ಅಂಕ ಕಡಿತ. ಮುಂದಿನ ಸುತ್ತು ನನ್ನ ಕೈತಪ್ಪಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ಅವನು ಮೈಕಿನಲ್ಲಿ ಸೇರಿಸಿದ: “ಪುಢಚ್ಯಾ ವೇಳೀ ಆಜೀಂನಾ ಘರೀಚ ಠೇವೂನ ಯಾ.” ಮುಂದಿನ ಸಲ ಅಜ್ಜಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಜನ ನಕ್ಕರು. ಅದು ಮೊದಲಿನ ನಗೆಯಾಗಿರಲಿಲ್ಲ. ಮೊದಲು ಅವಳ ಮಾತಿಗೆ ನಕ್ಕಿದ್ದರು, ಈಗ ಅವಳಿಗೆ ನಕ್ಕರು. ಮತ್ತು ನಾನು, ಸೋಲನ್ನು ಹಗುರಾಗಿ ತೆಗೆದುಕೊಳ್ಳುವ ಉದಾರಿಯೆಂದು ಕಾಣಿಸಿಕೊಳ್ಳಬೇಕಾಗಿತ್ತಲ್ಲ, ನಾನೂ ನಕ್ಕೆ.

ಹೋಳಿಗೆಯ ಡಬ್ಬಿಯನ್ನು ಯಾರೂ ತೆರೆಯಲಿಲ್ಲ. ಮರಳಿ ಬರುವ ಬಸ್ಸಿನಲ್ಲಿ ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಬ್ಬಿನ ಗದ್ದೆಗಳ ಮೇಲೆ ಇನ್ನೂ ಬಿಸಿಲಿತ್ತು. ನಾನು ಮಾತಿನ ಮಳೆ ಸುರಿಸಿದೆ: ಆ ನಿಯಮದ ಅಸ್ಪಷ್ಟತೆ, ಕಡಿತಕ್ಕೆ ಮೊದಲು ನೋಟಿಸು ಕೊಡದ ಅಕ್ರಮ, ಮೇಲ್ಮನವಿಗೆ ಅವಕಾಶವಿಲ್ಲದ ವ್ಯವಸ್ಥೆ. ಹಾತಕಣಂಗಲೆ ದಾಟಿದ ಮೇಲೆ ನನಗೆ ಅರಿವಾಯಿತು. ಇಷ್ಟು ಹೊತ್ತು ನಾನು ಮಾತಾಡಿದ್ದೇನೆ, ಅವಳು ಒಮ್ಮೆಯೂ ಹೂಂ ಅಂದಿಲ್ಲ.

“ಸಿಟ್ಟಾಗಿಯೇನ ಅತ್ತಿ?”

“ನಾ ಯಾಕ ಸಿಟ್ಟಾಗ್ಲಿ?” ಎಂದಳು. ಡಬ್ಬಿಯ ಮುಚ್ಚಳವನ್ನು ಒತ್ತಿ ಭದ್ರ ಮಾಡುತ್ತ ಅಂದಳು, “ಐವತ್ನಾಕ ನನಗ. ಆಜಿ ಅಂತಾನ.”

ನಾನು ಇದನ್ನು ತಮಾಷೆಯೆಂದೇ ಹಿಡಿದೆ. ಮನೆಗೆ ಬಂದು ಮಾಮಾನಿಗೆ ಇಡೀ ಪ್ರಸಂಗವನ್ನು ಅಭಿನಯಿಸಿ ತೋರಿಸಿದೆ. ಅವರು ಕಣ್ಣೊರೆಸಿಕೊಂಡು ನಕ್ಕರು. ಅತ್ತೆಯೂ ನಕ್ಕಳು. ಎಲ್ಲ ಸರಿಹೋಯಿತೆಂದು ನಾನು ನಂಬಿದೆ.

ಮುಂದಿನ ತಿಂಗಳಿಗೆ ಹೊಸ ಕವಿತೆ ಬರೆದು ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಸರಿಹೋಗಿಲ್ಲವೆಂದು ತಿಳಿಯಿತು. ಅತ್ತೆ ಮೊರ ಹಿಡಿದು ಕುಳಿತಿದ್ದಳು, ಕಿವಿ ನನ್ನ ಕಡೆಗೇ ಇತ್ತು. ಮೊದಲ ಸಾಲು ಹೇಳಿದೆ. ಜೋಳದ ಕಾಳು ಮೊರದಲ್ಲಿ ಹಾರಿ ಬಿದ್ದ ಸದ್ದು. ಎರಡನೆಯ ಸಾಲು ಹೇಳಿದೆ. ಮತ್ತೆ ಅದೇ.

“ಹೂಂ ಯಾಕ ಅನ್ನವಲ್ಲಿ, ಅತ್ತಿ?”

“ಬ್ಯಾಡ ಬಿಡವ್ವಾ. ರೂಢಿ ಆಗ್ತೈತಿ. ಅಲ್ಲಿ ಬಂದ ಮತ್ತ ಬಾಯಿ ತಪ್ಪಿದ್ರ? ನಿನ್ನ ಮಾರ್ಕ್ಸ ಹೋಗ್ತಾವು.”

“ನನಗ ಮಾರ್ಕ್ಸ ಬ್ಯಾಡ.”

“ಬ್ಯಾಡಾಗಿದ್ರ ಹಂಗ್ಯಾಕ ನೋಡ್ದಿ ನನ್ನ?”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಬೆಲೆ ಕೇಳಿದ ಹಾಗೆ ಕೇಳಿದಳು. ಆಮೇಲಿನ ದಿನಗಳಲ್ಲಿ ಅವಳು ಟಿವಿಗೆ ಹೂಂಗುಟ್ಟಿದಳು, ಗ್ಯಾಸಿನ ಯಂತ್ರಕ್ಕೂ ಹೂಂಗುಟ್ಟಿದಳು. ನನ್ನ ಕವಿತೆಗೆ ಮಾತ್ರ ಬಾಯಿ ತೆರೆಯಲಿಲ್ಲ, ನನ್ನನ್ನು ಕಾಪಾಡಲೆಂದು. ಹೊಸ ಕವಿತೆ ದಿನದಿನಕ್ಕೆ ಉದ್ದವಾಯಿತು. ಎಲ್ಲಿ ಮುರಿಯಬೇಕೆಂದು ಹೇಳುವವರಿಲ್ಲದೆ ಅದು ಕೊನೆಗೆ ಪ್ರಬಂಧವಾಯಿತು, ಅಡಿಟಿಪ್ಪಣಿಯಷ್ಟೇ ಬಾಕಿ.

ಆಗ ನಿಯಮಾವಳಿಯ ಎರಡನೆಯ ಪುಟವನ್ನು ಕೊನೆಗೂ ಓದಿದೆ. ನಿಯಮ ಅಲ್ಲಿತ್ತು, ಸ್ಪಷ್ಟವಾಗಿಯೇ ಇತ್ತು. ಇನ್ನೂ ಕಹಿಯಾದ ಸಂಗತಿಯೆಂದರೆ, ಆ ನಿಯಮದ ದೃಷ್ಟಿಯಲ್ಲಿ ಸಂಘಟಕರು ತಪ್ಪಿರಲಿಲ್ಲ. ಎರಡನೆಯ ದನಿ ಇತ್ತು. ಸಭೆಯಲ್ಲಿ ಮಾತ್ರವಲ್ಲ, ಕವಿತೆಯ ಒಳಗೇ ಇತ್ತು. ಸಾಲುಗಳನ್ನು ಮುರಿದದ್ದು ಅವಳು. ನಾನು ಅದನ್ನು ನನ್ನದೆಂದು ಹೇಳಿ ಹೆಸರು ಕೊಟ್ಟಿದ್ದೆ. ಅವರು ಹಿಡಿದದ್ದು ಸರಿಯಾದ ಸಂಗತಿಯನ್ನು, ಕೊಟ್ಟದ್ದು ತಪ್ಪು ಹೆಸರನ್ನು: ಸಹಕವಿ ಎನ್ನುವ ಬದಲು ಅಡ್ಡಿ ಎಂದರು.

ಸಂಘಟಕರಿಗೆ ಮೊಬೈಲಿನಲ್ಲಿ ಒಂದು ದೀರ್ಘ ಸಂದೇಶ ಕಳಿಸಿದೆ. ಮೇಲಕ್ಕೆತ್ತಿದ ಹೆಬ್ಬೆರಳಿನ ಚಿತ್ರವೊಂದು ಬಂತು. ಮತ್ತೊಂದು ಕಳಿಸಿದೆ. ಕೈಜೋಡಿಸಿದ ಚಿತ್ರ ಬಂತು. ಮನಸ್ಸು ಬಿಚ್ಚಿ ಪ್ರತಿಕ್ರಿಯೆ ಕೊಡಿ ಎಂದು ಊರಿಗೆಲ್ಲ ಹೇಳುವವರ ಮನಸ್ಸು ಇಷ್ಟೇ ಬಿಚ್ಚಿತು. ಹಾಗಾಗಿ ನನಗೆ ಗೊತ್ತಿರುವ ಏಕೈಕ ವಿದ್ಯೆಗೆ ಮರಳಿದೆ. ವಿಧಿವತ್ತಾಗಿ ಅರ್ಜಿಯೊಂದನ್ನು ಸಿದ್ಧಪಡಿಸಿ, ಮಗ್ಗಗಳು ನಿಂತಿದ್ದ ಒಂದು ಮಧ್ಯಾಹ್ನ ಅತ್ತೆಗೆ ಓದಿ ಹೇಳಿದೆ. ಸಂಘಟಕರ ತಪ್ಪುಗಳನ್ನು ಒಂದೊಂದಾಗಿ ಓದುತ್ತ ಹೋದೆ. ಅವಳು ಹೂಂ ಅನ್ನಲಿಲ್ಲ. ಪೂರ್ತಿ ಕೇಳಿ, ಕನ್ನಡಕ ತೆಗೆದಳು.

“ನನ್ನ ವಯಸ್ಸ ಹಾಕ ಅದ್ರಾಗ.”

“ಹಾಕ್ತೇನಿ.”

“ಮತ್ತ ನೀನೂ ನಕ್ಕಿ. ಅದನ್ನೂ ಹಾಕ.”

ಪೆನ್ನು ತೆಗೆದುಕೊಂಡು ಹಾಕಿದೆ. ಅವಳು ಬಗ್ಗಿ ನೋಡಿ, ಬರೆದದ್ದು ಹೌದೆಂದು ಖಾತ್ರಿ ಮಾಡಿಕೊಂಡು ಕೇಳಿದಳು, “ಇದಕ್ಕರ ಉತ್ತರಾ ಬರತೈತೇನ, ಇಲ್ಲಾ ಮತ್ತ ಹೆಬ್ಬಟ್ಟ ತೋರಿಸ್ತಾರ?”

ಆ ಅರ್ಜಿಯ ಮರಾಠಿ ಪ್ರತಿಯನ್ನು ಕೆಫೆಗೆ ತಲುಪಿಸಿ ಸ್ವೀಕೃತಿಯ ಸಹಿ ಪಡೆದಿದ್ದೇನೆ. ಕನ್ನಡ ಪ್ರತಿಯ ಕೊನೆಯ ಭಾಗವನ್ನು ಇಲ್ಲಿ ಕೊಡುತ್ತಿದ್ದೇನೆ, ಆ ದಿನ ಅನುವಾದಕ್ಕೆ ಕಾಯದೆ ನಕ್ಕವರೂ ಓದಿಕೊಳ್ಳಲಿ ಎಂದು.

ಮಾನ್ಯ ಸಂಘಟಕರಲ್ಲಿ ವಿನಂತಿ. ಕಡಿತಗೊಂಡ ಎರಡು ಅಂಕಗಳನ್ನು ಮರಳಿಸಬೇಕೆಂದು ನಾನು ಕೋರುತ್ತಿಲ್ಲ. ಆ ಕವಿತೆ ಇಬ್ಬರದಾಗಿತ್ತೆಂದೂ, ಅದನ್ನು ಒಬ್ಬಳ ಹೆಸರಿನಲ್ಲಿ ಸಲ್ಲಿಸಿದ್ದು ನನ್ನ ತಪ್ಪೆಂದೂ, ನಿಯಮಾವಳಿಯ ಎರಡನೆಯ ಪುಟವನ್ನು ನಾನು ಓದಿರಲಿಲ್ಲವೆಂದೂ, ತಮ್ಮ ನಿರೂಪಕರ ನಗೆಚಾಟಿಕೆಗೆ ನಾನೂ ನಕ್ಕೆನೆಂದೂ ಈ ಮೂಲಕ ಲಿಖಿತವಾಗಿ ಒಪ್ಪಿಕೊಳ್ಳುತ್ತೇನೆ. ನಾನು ಕೋರುವುದು ಇಷ್ಟು. ಐವತ್ತನಾಲ್ಕು ವರ್ಷದ, ಅಜ್ಜಿಯಲ್ಲದ, ನನ್ನ ಅತ್ತೆಯವರನ್ನು ಮನೆಯಲ್ಲೇ ಬಿಟ್ಟು ಬರಲು ಹೇಳಿದ ಮಾತನ್ನು ಅದೇ ಮೈಕಿನಲ್ಲಿ, ಅಷ್ಟೇ ಗಟ್ಟಿಯಾಗಿ ಹಿಂದಕ್ಕೆ ಪಡೆಯತಕ್ಕದ್ದು. ಕೇಳುವವರು ಹೂಂ ಅನ್ನುವುದು ನಮ್ಮ ಕಡೆ ಕೇಳುವ ಕ್ರಮವೇ ಆಗಿರುವುದರಿಂದ, ಚಿಟಿಕೆಗೆ ಇರುವ ಮಾನ್ಯತೆಯನ್ನು ಅದಕ್ಕೂ ಕೊಟ್ಟು ಆ ನಿಯಮವನ್ನು ತಿದ್ದತಕ್ಕದ್ದು. ಮುಂದಿನ ಸ್ಲ್ಯಾಮಿನಲ್ಲಿ ಎರಡನೆಯ ಸಾಲಿನ ಅದೇ ಕುರ್ಚಿಯನ್ನು ಅವರಿಗಾಗಿ ಕಾಯ್ದಿರಿಸತಕ್ಕದ್ದು, ಹೋಳಿಗೆಯ ಡಬ್ಬಿಗೆ ಆ ದಿನದ ಮಟ್ಟಿಗೆ ವಿನಾಯಿತಿ ನೀಡತಕ್ಕದ್ದು. ಉತ್ತರ ಚಿತ್ರದಲ್ಲಿ ಬೇಡ, ಅಕ್ಷರದಲ್ಲಿರಲಿ, ಮತ್ತು ಅವರ ಹೆಸರಿಗೇ ಬರಲಿ. ಅದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಗ್ಗಗಳು ಓಡುತ್ತಿರುವಾಗ, ಅವರಿಗೆ ಓದಿ ಹೇಳಬೇಕಾಗಿದೆ. ಓದುವಾಗ ಅವರು ಹೂಂ ಅಂದರೆ ತಮ್ಮ ಉತ್ತರ ಸ್ವೀಕೃತವಾಯಿತೆಂದು ತಿಳಿಸುತ್ತೇನೆ. ಅನ್ನದಿದ್ದರೆ ಮತ್ತೆ ಬರೆಯಬೇಕಾಗಿ ವಿನಂತಿ.